ತೂಕದ ಬೆಲೆ, ತೂಕ ಮೀರಿದ ಬೆಲೆ

ಲೋಕಾಪುರದ ಒಂದು ಮನೆಯ ಟ್ರಂಕಿನಲ್ಲಿ 1918ರ ಬೆಳ್ಳಿ ರೂಪಾಯಿ ಇದೆ ಎಂದುಕೊಳ್ಳಿ. ಒಂದು ಬದಿಗೆ ಐದನೇ ಜಾರ್ಜ್ ದೊರೆಯ ಮುಖ, ಇನ್ನೊಂದು ಬದಿಗೆ ಹೂಬಳ್ಳಿಯ ನಡುವೆ ಬೆಲೆ ಮತ್ತು ಇಸವಿ. ಆ ರೂಪಾಯಿಯ ಬೆಳ್ಳಿ ಅದಕ್ಕೂ ಮೊದಲು ಅಮೆರಿಕದ ಡಾಲರ್ ಆಗಿದ್ದಿರಬಹುದು. ಇದು ಕಟ್ಟುಕತೆಯಲ್ಲ. ಹಳೆಯ ನಾಣ್ಯಕ್ಕೆ ಬೆಲೆ ಹೇಗೆ ಬರುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠವೂ ಇಲ್ಲ.

ಮೊದಲ ಮಹಾಯುದ್ಧ ನಡೆದಿದ್ದ ಕಾಲ. ಬ್ರಿಟನ್ ನಮ್ಮಲ್ಲಿಂದ ಹತ್ತಿ, ಸೆಣಬು, ಗೋಧಿ, ಚರ್ಮ ಎಲ್ಲವನ್ನೂ ಕೊಳ್ಳುತ್ತಿತ್ತು. ಕೊಂಡದ್ದಕ್ಕೆಲ್ಲ ರೂಪಾಯಿ ಕೊಡಬೇಕು, ರೂಪಾಯಿಗೆ ಬೆಳ್ಳಿ ಬೇಕು. ಬೆಳ್ಳಿಯ ದರವೋ ದಿನದಿನಕ್ಕೆ ಏರುತ್ತಿತ್ತು. ಸರ್ಕಾರ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ತಂದಿತು. ಆದರೆ ಜನಕ್ಕೆ ಕಾಗದದ ಮೇಲೆ ನಂಬಿಕೆ ಹುಟ್ಟಲಿಲ್ಲ. 1918ರ ಹೊತ್ತಿಗೆ ನೋಟು ಕೊಟ್ಟು ಬೆಳ್ಳಿ ಕೇಳುವವರ ಸಾಲು ಬೆಳೆಯಿತು, ಖಜಾನೆಯ ಬೆಳ್ಳಿ ತಳ ಕಾಣತೊಡಗಿತು. ಆಗ ಅಮೆರಿಕ ನೆರವಿಗೆ ಬಂತು. ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಕಾಯ್ದೆ 1918ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಅದರಡಿ ಅಮೆರಿಕದ ಖಜಾನೆಯಲ್ಲಿದ್ದ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿದರು. ಅದರಲ್ಲಿ ಸುಮಾರು 26 ಕೋಟಿ ಡಾಲರ್‌ಗಳ ಬೆಳ್ಳಿಯನ್ನು ಬ್ರಿಟನ್ ಕೊಂಡು ಭಾರತಕ್ಕೆ ಕಳಿಸಿತು. ಮುಂಬಯಿ ಮತ್ತು ಕಲ್ಕತ್ತಾದ ಟಂಕಸಾಲೆಗಳಲ್ಲಿ ಆ ಬೆಳ್ಳಿಗೆ ದೊರೆಯ ಛಾಪು ಬಿತ್ತು.

ಒಂದು ಅಮೆರಿಕನ್ ಡಾಲರಿನ ತೂಕ 26.73 ಗ್ರಾಂ. ಅದರಲ್ಲಿ ನೂರಕ್ಕೆ 90 ಭಾಗ, ಅಂದರೆ ಸುಮಾರು 24 ಗ್ರಾಂ ಅಪ್ಪಟ ಬೆಳ್ಳಿ. ನಮ್ಮ ರೂಪಾಯಿಯಲ್ಲಿದ್ದದ್ದು 10.69 ಗ್ರಾಂ. ಹಾಗಾಗಿ ಒಂದು ಡಾಲರ್ ಕರಗಿಸಿದರೆ ಎರಡು ರೂಪಾಯಿ ಮುದ್ರಿಸಿ ಇನ್ನೂ ಚೂರು ಉಳಿಯುತ್ತಿತ್ತು. 1918ರ ಇಸವಿಯ ರೂಪಾಯಿಗಳು ಎರಡೂ ಟಂಕಸಾಲೆ ಸೇರಿ ಸುಮಾರು 40 ಕೋಟಿ. ಅಷ್ಟು ರಾಶಿ ಇರುವುದರಿಂದಲೇ ಇವತ್ತಿಗೂ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಯಾವ ಸರಾಫ ಅಂಗಡಿಗೆ ಹೋದರೂ 1918ರ ರೂಪಾಯಿ ಕಣ್ಣಿಗೆ ಬೀಳುತ್ತದೆ. ನೂರು ವರ್ಷ ದಾಟಿದೆ ನಿಜ, ಆದರೆ ಹೆಚ್ಚಿನವಕ್ಕೆ ಸಿಗುವುದು ಬೆಳ್ಳಿಯ ಬೆಲೆ, ಇಲ್ಲವೇ ಅದರ ಮೇಲೆ ಸ್ವಲ್ಪ.

ಅತ್ತ ಅಮೆರಿಕದಲ್ಲಿ ಆದದ್ದು ನೋಡಿ. ಯಾವ ಇಸವಿಯ, ಯಾವ ಟಂಕಸಾಲೆಯ ಡಾಲರ್ ಎಷ್ಟು ಕರಗಿತು ಎಂದು ಯಾರೂ ಬರೆದಿಡಲಿಲ್ಲ. ಮುದ್ರಿಸಿದ ಲೆಕ್ಕ ದಫ್ತರದಲ್ಲಿತ್ತು, ಉಳಿದದ್ದರ ಲೆಕ್ಕ ಎಲ್ಲಿಯೂ ಇರಲಿಲ್ಲ. ಅಲ್ಲಿಯ ಸಂಗ್ರಹಕಾರರು ಒಂದೊಂದೇ ನಾಣ್ಯ ಹುಡುಕುತ್ತ, ಯಾವುದು ವಿರಳ ಯಾವುದು ಧಾರಾಳ ಎಂದು ತಾವೇ ಕಂಡುಕೊಳ್ಳಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ 1893ರ ಮಾರ್ಗನ್ ಡಾಲರ್ ಮುದ್ರಣವಾದದ್ದೇ ಒಂದು ಲಕ್ಷ. ಅದು ಸವೆದು ಸಪಾಟಾಗಿದ್ದರೂ ಸಾವಿರಾರು ಡಾಲರ್ ತರುತ್ತದೆ. ಫಿಲಡೆಲ್ಫಿಯಾದ 1921ರ ಮಾರ್ಗನ್ ಡಾಲರ್ ನಾಲ್ಕು ಕೋಟಿಗೂ ಹೆಚ್ಚು ಹೊರಬಂತು. ಸವೆದ ಸ್ಥಿತಿಯಲ್ಲಿ ಅದಕ್ಕೆ ಬೆಳ್ಳಿಯ ದರದ ಆಸುಪಾಸಿನ ಬೆಲೆ. ಎರಡರಲ್ಲೂ ಇರುವುದು ಅದೇ 24 ಗ್ರಾಂ ಬೆಳ್ಳಿ.

ಹಾಗಾದರೆ ತೂಕ ಮೀರಿದ ಬೆಲೆ ಎಲ್ಲಿಂದ ಬಂತು? ವಯಸ್ಸಿನಿಂದಲ್ಲ. ಕರಗದೆ ಎಷ್ಟು ಉಳಿದವು, ಉಳಿದವು ಯಾವ ಸ್ಥಿತಿಯಲ್ಲಿವೆ, ಬೇಕೆನ್ನುವವರು ಎಷ್ಟು ಜನ ಎಂಬ ಮೂರು ಪ್ರಶ್ನೆಗಳಿಂದ ಬಂತು. ನಮ್ಮ ರಾಣಿ ಛಾಪು, ರಾಜಾ ಛಾಪು ರೂಪಾಯಿಗಳಿಗೂ ಇದೇ ನ್ಯಾಯ.

ಮೊದಲು ತೂಕದ ಲೆಕ್ಕ ಮುಗಿಸೋಣ, ಯಾಕೆಂದರೆ ಅದು ಎಲ್ಲ ಬೆಲೆಗೂ ಅಡಿಪಾಯ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ತೂಕದ ರೂಪಾಯಿ ತಂದಿತು. ತೂಕ ಒಂದು ತೊಲಿ, ಅಂದರೆ 11.66 ಗ್ರಾಂ. ಹನ್ನೆರಡು ಭಾಗದಲ್ಲಿ ಹನ್ನೊಂದು ಭಾಗ ಬೆಳ್ಳಿ. ತೂಕ ಎಷ್ಟು ಖಚಿತವಿತ್ತೆಂದರೆ ಹಳ್ಳಿಯ ತಕ್ಕಡಿಯಲ್ಲಿ ರೂಪಾಯಿಯೇ ತೂಕದ ಕಲ್ಲಾಯಿತು; 80 ತೊಲಿ ಕೂಡಿದರೆ ಒಂದು ಸೇರು. ಬೆಳ್ಳಿಗೆ ಗ್ರಾಮಿಗೆ 100 ರೂಪಾಯಿ ದರವಿದೆ ಎಂದು ಸುಲಭಕ್ಕೆ ಹಿಡಿದರೆ ಸವೆಯದ ಒಂದು ರೂಪಾಯಿಯ ಬೆಳ್ಳಿ 1,069 ರೂಪಾಯಿ ಬಾಳುತ್ತದೆ. ಅವತ್ತಿನ ದರ ಎಷ್ಟೋ ಅಷ್ಟರಿಂದ 10.69ನ್ನು ಗುಣಿಸಿದರೆ ಮನೆಯಲ್ಲೇ ಲೆಕ್ಕ ಸಿಗುತ್ತದೆ. ಪತ್ತಾರರು ಇದರಲ್ಲಿ ಸವಕಳಿ, ಕರಗಿಸುವಾಗಿನ ನಷ್ಟ, ತಮ್ಮ ಲಾಭ ಮೂರನ್ನೂ ಕಳೆದು ಕೊಡುತ್ತಾರೆ. ಅದು ಮೋಸವಲ್ಲ, ವ್ಯಾಪಾರ.

ಆದರೆ ಎಲ್ಲ ಹಳೆ ರೂಪಾಯಿಗೂ ಈ ಲೆಕ್ಕ ಹೊಂದುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಮತ್ತೆ ಬೆಳ್ಳಿಗೆ ಬರ ಬಂತು. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. ಉಳಿದದ್ದು ತಾಮ್ರ, ನಿಕ್ಕಲ್, ಸತು. ಆರನೇ ಜಾರ್ಜ್ ಮುಖವಿರುವ 1940ರಿಂದ 1945ರ ರೂಪಾಯಿಯಲ್ಲಿ ಅಪ್ಪಟ ಬೆಳ್ಳಿ 5.83 ಗ್ರಾಂ ಮಾತ್ರ. 1947ರ ರೂಪಾಯಿಯಲ್ಲಿ ಬೆಳ್ಳಿ ಇಲ್ಲವೇ ಇಲ್ಲ, ಅದು ನಿಕ್ಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ‘ದೊರೆಯ ಮುಖ ಇದೆ, ಹಾಗಾಗಿ ಬೆಳ್ಳಿ’ ಎಂದು ನಂಬಿ ಕೊಂಡವರು ಮೋಸ ಹೋಗುವುದು ಇಲ್ಲಿಯೇ.

ಆ ಯುದ್ಧದಲ್ಲೂ ಅಮೆರಿಕದ ಬೆಳ್ಳಿ ಬಂತು. ಈ ಸಲ ಮಾರಾಟಕ್ಕಲ್ಲ, ಸಾಲಕ್ಕೆ. ಸುಮಾರು 22 ಕೋಟಿ ಔನ್ಸ್ ಬೆಳ್ಳಿಯನ್ನು ಹಿಂತಿರುಗಿಸುವ ಕರಾರಿನ ಮೇಲೆ ಕೊಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಆ ಸಾಲ ತೀರಿಸಲು ಅರ್ಧ ಬೆಳ್ಳಿಯ ನಾಣ್ಯಗಳನ್ನು ಕಲ್ಕತ್ತಾದ ಅಲಿಪುರದಲ್ಲಿ ಕರಗಿಸಿ, ಬೆಳ್ಳಿ ಬೇರ್ಪಡಿಸಿ ಅಮೆರಿಕಕ್ಕೆ ಕಳಿಸಿದರು. ಅದಕ್ಕೂ ಮೊದಲೇ, 1941ರಿಂದ 1943ರ ನಡುವೆ, ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಕಾಲದ ಹಳೆಯ ಗಟ್ಟಿ ಬೆಳ್ಳಿಯ ರೂಪಾಯಿಗಳನ್ನು ಒಂದೊಂದಾಗಿ ಚಲಾವಣೆಯಿಂದ ತೆಗೆದರು. ಟಂಕಸಾಲೆಗೆ ಮರಳಿದವು ಕರಗಿದವು. ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರ ಸಂಸ್ಥಾನ ಆಗಿದ್ದ ಆ ದಿನಗಳಲ್ಲಿ ಗೋಡೆಯ ಗೂಡಿಗೋ ಹಗೇವಿನ ಮೂಲೆಗೋ ಚಂಚಿಯೊಳಗೋ ಸೇರಿ, ಕೊಡದೆ ಉಳಿಸಿಕೊಂಡ ರೂಪಾಯಿಗಳೇ ಇವತ್ತು ನಮ್ಮ ಕೈಯಲ್ಲಿರುವುದು.

ಇನ್ನು ಇಸವಿಗೆ ಬರೋಣ. ‘ಎಷ್ಟು ಹಳೇದೋ ಅಷ್ಟು ಬೆಲೆ’ ಎಂಬುದು ಎಲ್ಲರ ನಂಬಿಕೆ. ವಿಕ್ಟೋರಿಯಾಳ 1840ರ ರೂಪಾಯಿ ಸಿಕ್ಕವರು ಭಾಗ್ಯದ ಬಾಗಿಲು ತೆರೆಯಿತೆಂದು ಹಿಗ್ಗುತ್ತಾರೆ. ಆದರೆ ಕಂಪನಿಯವರು ಇಸವಿಯನ್ನು ವರ್ಷವರ್ಷ ಬದಲಿಸುತ್ತಿರಲಿಲ್ಲ. 1840 ಎಂಬ ಇಸವಿ ಹೊತ್ತ ರೂಪಾಯಿಗಳನ್ನು ಎರಡು ದಶಕ ಮುದ್ರಿಸಿದರು. 1862ರ ಇಸವಿಯೂ ಹಾಗೆಯೇ 1874ರವರೆಗೆ ಮುಂದುವರಿಯಿತು; ಇಸವಿಯ ಕೆಳಗೆ ಮೇಲೆ ಇಟ್ಟ ಸಣ್ಣ ಚುಕ್ಕಿಗಳನ್ನು ಎಣಿಸಿ ನಿಜವಾದ ವರ್ಷ ಊಹಿಸುವುದು ಸಂಗ್ರಹಕಾರರಿಗೆ ಒಂದು ವಿದ್ಯೆಯೇ ಆಗಿದೆ. ಹೀಗಾಗಿ ಸಾಮಾನ್ಯ 1840 ಅಥವಾ 1862ರ ರೂಪಾಯಿ ಹಳೆಯದು ಹೌದು, ವಿರಳವಲ್ಲ. ಅದರಲ್ಲೇ ಚುಕ್ಕಿಗಳ ಒಂದು ವಿಚಿತ್ರ ಜೋಡಣೆ ಸಿಕ್ಕರೆ ಲೆಕ್ಕ ಬದಲಾಗುತ್ತದೆ.

ಅದೇ ಆಮೇಲಿನ ಕೆಲವು ಇಸವಿಗಳು ಹೆಚ್ಚು ಬಾಳುತ್ತವೆ. ಐದನೇ ಜಾರ್ಜ್ ಪಟ್ಟಕ್ಕೆ ಬಂದಾಗಿನ 1911ರ ರೂಪಾಯಿಯನ್ನು ನೋಡಿ. ದೊರೆಯ ನಿಲುವಂಗಿಯ ಮೇಲೆ ಬಿಡಿಸಿದ್ದ ಆನೆಯ ಸೊಂಡಿಲು ಗಿಡ್ಡಾಗಿ, ಅದು ಹಂದಿಯಂತೆ ಕಂಡು ಜನ ರೊಚ್ಚಿಗೆದ್ದರು. ಮುದ್ರಿಸಿದ 90 ಲಕ್ಷಕ್ಕೂ ಹೆಚ್ಚು ರೂಪಾಯಿಗಳಲ್ಲಿ ಹೊರಬಿದ್ದವು ಸುಮಾರು 7 ಲಕ್ಷ. ಉಳಿದವನ್ನು ತಡೆದು ಕರಗಿಸಿದರು. 1912ರಿಂದ ಆನೆಯನ್ನು ತಿದ್ದಿ ಮುದ್ರಿಸಿದರು. ಸಂತೆಯಲ್ಲಿ ‘ಹಂದಿ ರೂಪಾಯಿ’ ಎನಿಸಿಕೊಂಡ ಆ ನಾಣ್ಯಕ್ಕೆ ಈಗ ಬೇರೆಯೇ ಬೇಡಿಕೆ. ಯುದ್ಧದ ಭರಾಟೆ ಇಳಿದ ಮೇಲೆ, 1921ರಲ್ಲಿ ಮುಂಬಯಿಯಲ್ಲಿ ಸುಮಾರು 50 ಲಕ್ಷ, 1922ರಲ್ಲಿ ಸುಮಾರು 20 ಲಕ್ಷ ರೂಪಾಯಿಗಳಷ್ಟೇ ಆದವು. 1918ರ 40 ಕೋಟಿಯ ಪಕ್ಕದಲ್ಲಿ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆರನೇ ಜಾರ್ಜ್ ಕಾಲದ 1939ರ ಗಟ್ಟಿ ಬೆಳ್ಳಿಯ ರೂಪಾಯಿಯಂತೂ ಬ್ರಿಟಿಷ್ ಇಂಡಿಯಾದ ಅತಿ ವಿರಳ ರೂಪಾಯಿಗಳಲ್ಲಿ ಒಂದು. ಮೂರು ನಾಲ್ಕು ವರ್ಷಗಳ ಅಂತರದಲ್ಲಿ ಹುಟ್ಟಿದ ಎರಡು ನಾಣ್ಯಗಳಲ್ಲಿ ಕಿರಿಯದೇ ಹಲವು ಪಟ್ಟು ಬೆಲೆ ಬಾಳುವುದು ಇದರಿಂದಾಗಿ.

ಇಸವಿಯ ಜೊತೆ ಟಂಕಸಾಲೆಯ ಗುರುತನ್ನೂ ನೋಡಬೇಕು. ಮುಂಬಯಿಯವರು ಒಂದು ಸಣ್ಣ ಚುಕ್ಕಿಯನ್ನೋ ‘ಬಿ’ ಅಕ್ಷರವನ್ನೋ ಇಡುತ್ತಿದ್ದರು. ಕಲ್ಕತ್ತಾದ ನಾಣ್ಯಗಳಲ್ಲಿ ಬಹುಪಾಲು ಗುರುತೇ ಇರುವುದಿಲ್ಲ. 1943ರಿಂದ 1945ರವರೆಗೆ ಲಾಹೋರಿನವರು ‘ಎಲ್’ ಇಟ್ಟರು. ಭೂತಗನ್ನಡಿ ಇಲ್ಲದೆ ಕಾಣದ ಈ ಚುಕ್ಕಿ ಒಮ್ಮೊಮ್ಮೆ ಇಡೀ ನಾಣ್ಯದ ಬೆಳ್ಳಿಗಿಂತ ಹೆಚ್ಚು ಬಾಳುತ್ತದೆ.

ಕಂಪನಿ ರೂಪಾಯಿಗೂ ಮೊದಲಿನ ಕಾಲದ ನಾಣ್ಯಗಳು ನಮ್ಮ ಸೀಮೆಯಲ್ಲಿ ಇನ್ನೊಂದು ಬಗೆಯವು. ಪೇಶ್ವೆಯವರ ಆಳ್ವಿಕೆಯಲ್ಲಿ ಬಾಗಲಕೋಟೆಯಲ್ಲೇ ಟಂಕಸಾಲೆ ಇತ್ತು. ರಾಸ್ತೆ ಮನೆತನದ ಮಲ್ಹಾರರಾವ್ ಹೆಸರಿನಿಂದ ಅಲ್ಲಿಯ ರೂಪಾಯಿಗೆ ಮಲ್ಹಾರಶಾಹಿ ಎಂದು ಹೆಸರು. ಅತ್ತ ನಿಜಾಮರ ಕಡೆಯಿಂದ ಹಾಲಿ ಸಿಕ್ಕಾ. ಒಂದೊಂದು ರೂಪಾಯಿಗೆ ಒಂದೊಂದು ಬೆಲೆ. ಏಳು ಹಾಲಿ ಸಿಕ್ಕಾ ಕೊಟ್ಟರೆ ಆರು ಬ್ರಿಟಿಷ್ ರೂಪಾಯಿ ಎಂಬ ಲೆಕ್ಕ ಬಹುಕಾಲ ನಡೆದಿತ್ತು. ಈ ಅಂತರವೇ ಸರಾಫರ ಬಟ್ಟಾ. ಪರೀಕ್ಷಿಸಿದ ನಾಣ್ಯಕ್ಕೆ ಸರಾಫರು ತಮ್ಮ ಸಣ್ಣ ಮೊಳೆಗುರುತು ಹೊಡೆಯುತ್ತಿದ್ದರು. ಇವು ಯಂತ್ರದ ನಾಣ್ಯಗಳಲ್ಲ, ಕೈಯಿಂದ ಸುತ್ತಿಗೆ ಹೊಡೆದು ಮಾಡಿದವು. ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಚಿಕ್ಕದು. ಹೀಗಾಗಿ ಬರಹದ ಒಂದು ಭಾಗವಷ್ಟೇ ಬಿಲ್ಲೆಯ ಮೇಲೆ ಬೀಳುತ್ತಿತ್ತು. ಇಂಥದ್ದಕ್ಕೆ ಬೆಲೆ ಕಟ್ಟುವವರು ಮೊದಲು ನೋಡುವುದು ಟಂಕಸಾಲೆಯ ಹೆಸರು ಎಷ್ಟು ಓದಲು ಬರುತ್ತದೆ, ವರ್ಷ ಉಳಿದಿದೆಯೇ ಎಂಬುದನ್ನು. ಕರ್ನಾಟಕದ ನಾಣ್ಯಗಳ ಮೇಲೆ 1975ರಲ್ಲಿ ಪುಸ್ತಕ ಬರೆದ ಡಾ. ಎ.ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರಿಗೆ ಈ ಬಿಲ್ಲೆಗಳು ಇತಿಹಾಸದ ದಾಖಲೆ. ಕರಗಿದರೆ ಹೋಗುವುದು ಬೆಳ್ಳಿಯಲ್ಲ, ಆ ದಾಖಲೆ.

ಮೂರನೆಯದು ಸ್ಥಿತಿ. ನಮ್ಮ ಮನೆಗಳಲ್ಲಿ ಹೆಚ್ಚು ನಷ್ಟ ಆಗುವುದು ಇಲ್ಲಿಯೇ. ಅಮೆರಿಕದಲ್ಲಿ ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ. ವಿಲಿಯಂ ಶೆಲ್ಡನ್ ಎಂಬವರು 1949ರಲ್ಲಿ ತಾಮ್ರದ ನಾಣ್ಯಗಳಿಗೆಂದು ಮಾಡಿದ ಈ ಅಳತೆ ಈಗ ಭಾರತದ ಹರಾಜುಗಳಿಗೂ ಬಂದಿದೆ. 60ರಿಂದ ಮೇಲೆ ಅಂದರೆ ಚಲಾವಣೆಯ ಸವಕಳಿ ತಾಗದ ನಾಣ್ಯ. ಮನೆಯಲ್ಲಿ ಅಂದಾಜು ನೋಡಬೇಕೆಂದರೆ ಉಬ್ಬಿದ ಜಾಗಗಳನ್ನು ನೋಡಿ. ವಿಕ್ಟೋರಿಯಾ ರಾಣಿಯ ಕಿವಿಯ ಮೇಲಿನ ಕೂದಲೆಳೆ, ಕುಪ್ಪಸದ ಕಸೂತಿ; ಜಾರ್ಜ್ ದೊರೆಯ ಕಿರೀಟದ ಹರಳು, ಕೊರಳ ಸರ, ನಿಲುವಂಗಿಯ ಆನೆ. ಮೊದಲು ಸವೆಯುವವು ಇವೇ. ಇವೆಲ್ಲ ಚೊಕ್ಕವಾಗಿ ಕಂಡರೆ ಸಾಮಾನ್ಯ ಇಸವಿಯ ರೂಪಾಯಿಗೂ ತೂಕ ಮೀರಿದ ಬೆಲೆ ಇದೆ.

ಆದರೆ ದೀಪಾವಳಿ ಬರುತ್ತದೆ. ಲಕ್ಷ್ಮೀ ಪೂಜೆಗೆ ಇಡುವ ರೂಪಾಯಿ ಕಪ್ಪಾಗಿರಬಾರದು ಎಂದು ಹುಣಸೆಹಣ್ಣು, ಬೂದಿ, ರಂಗೋಲಿ ಪುಡಿ ಹಚ್ಚಿ ತಿಕ್ಕುತ್ತೇವೆ. ವರ್ಷಕ್ಕೊಮ್ಮೆ ತಿಕ್ಕಿದರೂ ಎಪ್ಪತ್ತು ಎಂಬತ್ತು ವರ್ಷದಲ್ಲಿ ರಾಣಿಯ ಮೂಗು ಮಾಯವಾಗುತ್ತದೆ. ಗಾಳಿಯಲ್ಲಿರುವ ಗಂಧಕ ತಾಗಿ ಬೆಳ್ಳಿ ಕಪ್ಪಾಗುವುದು ಸಹಜ. ಸಂಗ್ರಹಕಾರರಿಗೆ ಆ ಕಪ್ಪು, ಅದರ ನೀಲಿ ಕೆಂಪು ಛಾಯೆ ದೋಷವಲ್ಲ. ನಾಣ್ಯವನ್ನು ಯಾರೂ ಮುಟ್ಟಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಫಳಫಳ ಹೊಳೆಯುವ, ಸಣ್ಣ ಗೀರುಗಳು ತುಂಬಿದ ನಾಣ್ಯವನ್ನು ಅವರು ಬದಿಗೆ ಸರಿಸುತ್ತಾರೆ. ಪೂಜೆ ಬಿಡಬೇಕಿಲ್ಲ. 1918ರಂಥ ಸಾಮಾನ್ಯ ರೂಪಾಯಿಗಳನ್ನು ಪೂಜೆಗೆಂದೇ ಎತ್ತಿಟ್ಟು, ಉಳಿದವನ್ನು ತಿಕ್ಕದೆ ಬಿಟ್ಟರಾಯಿತು. ದೇವಿಗೆ ಇಸವಿಯ ಹಂಗಿಲ್ಲ.

ಕೊಂಡಿ ಬೆಸೆದ ರೂಪಾಯಿಯದು ಬೇರೆ ಕತೆ. ಸರಕ್ಕೆ ಪೋಣಿಸಲು ಕೊಂಡಿ ಹಚ್ಚಿಸಿದ, ತೂತು ಹೊಡೆದ ನಾಣ್ಯ ಸಂಗ್ರಹಕಾರರ ಪಾಲಿಗೆ ಬಹುತೇಕ ಬೆಳ್ಳಿಯ ಚೂರು. ಆದರೆ ನಮ್ಮ ಸೀಮೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಉಡುಗೆಯ ಮೇಲೆ, ಜಡೆಯಲ್ಲಿ, ಕೊರಳಲ್ಲಿ ಇರುವ ಪಾವಲಿ, ರೂಪಾಯಿಗಳನ್ನು ಹೀಗೆ ಬಿಡಿಬಿಡಿಯಾಗಿ ಅಳೆಯುವುದು ತಪ್ಪು. ಅಲ್ಲಿ ಬೆಲೆ ಇರುವುದು ಇಡೀ ಆಭರಣಕ್ಕೆ, ಅದರ ಕೈಕೆಲಸಕ್ಕೆ. ಒಡವೆ ಒಡೆದು ನಾಣ್ಯ ಬಿಡಿಸಿ ತೂಕಕ್ಕೆ ಮಾರಿದರೆ ಎರಡೂ ಬೆಲೆ ಹೋಗುತ್ತದೆ.

ನಾಲ್ಕನೆಯದನ್ನು ಬಹಳ ಜನ ಮರೆಯುತ್ತಾರೆ: ವಿರಳ ಎಂಬ ಮಾತು ಯಾವಾಗ ಬೇಕಾದರೂ ಸುಳ್ಳಾಗಬಹುದು. ಅಮೆರಿಕದ ನ್ಯೂ ಆರ್ಲಿಯನ್ಸ್ ಟಂಕಸಾಲೆಯ 1903ರ ಡಾಲರ್ ಬಹುಪಾಲು ಕರಗಿಹೋಗಿದೆ ಎಂದೇ ಅಲ್ಲಿ ನಂಬಿದ್ದರು. ಹೊಚ್ಚ ಹೊಸ ಸ್ಥಿತಿಯದಕ್ಕೆ ಸಾವಿರ ಡಾಲರ್ ಮೀರಿದ ಬೆಲೆ ಇತ್ತು. 1962ರ ಕೊನೆಯಲ್ಲಿ ಖಜಾನೆಯ ನೆಲಮಾಳಿಗೆಯಿಂದ ಅದೇ ಡಾಲರಿನ ಚೀಲಗಳು ಹೊರಬಂದವು. ಬೆಲೆ ದಿಢೀರನೆ ನೂರರೊಳಗೆ ಕುಸಿಯಿತು. ನಾಣ್ಯದಲ್ಲಿ ಬದಲಾದದ್ದು ಏನೂ ಇಲ್ಲ, ಬದಲಾದದ್ದು ನಾಣ್ಯಗಳ ಸಂಖ್ಯೆ. ಬೆಳ್ಳಿಯ ದರವೂ ಹೀಗೆಯೇ ಚಂಚಲ. ಅಮೆರಿಕದ ಹಂಟ್ ಸಹೋದರರು ಬೆಳ್ಳಿ ಗುಡ್ಡೆ ಹಾಕಿದಾಗ 1980ರ ಜನವರಿಯಲ್ಲಿ ಔನ್ಸಿಗೆ 50 ಡಾಲರ್ ಸಮೀಪಕ್ಕೆ ಏರಿದ ದರ, ಮಾರ್ಚ್ ಕೊನೆಗೆ 11 ಡಾಲರಿಗೂ ಕೆಳಗಿಳಿಯಿತು. ಬೆಳ್ಳಿ ಏರಿದಾಗಲೆಲ್ಲ ಸಾಮಾನ್ಯ ನಾಣ್ಯಗಳು ಕುಲುಮೆಗೆ ಹೋಗುತ್ತವೆ, ಅವುಗಳ ನಡುವೆ ಗುರುತು ಸಿಗದ ವಿರಳ ನಾಣ್ಯವೂ ಹೋಗುತ್ತದೆ.

ಬೆಲೆ ಇರುವ ಕಡೆ ನಕಲಿಯೂ ಇರುತ್ತದೆ. ವಿರಳ ಇಸವಿಯ ಕೊನೆಯ ಅಂಕಿ ತಿದ್ದಿದ ರೂಪಾಯಿಗಳು ಮಾರುಕಟ್ಟೆಯಲ್ಲಿವೆ. ಅಚ್ಚಿಗೆ ಎರಕ ಹೊಯ್ದ ನಕಲಿಗಳ ಅಂಚಿನ ಗೆರೆಗಳು ಮೊಂಡಾಗಿರುತ್ತವೆ, ತೂಕ 11.66 ಗ್ರಾಮಿಗೆ ಹೊಂದುವುದಿಲ್ಲ. ಇವಕ್ಕಿಂತ ದೊಡ್ಡ ಹಾವಳಿ ರಾಮ ದರ್ಬಾರ್, ಹನುಮಂತ, ಲಕ್ಷ್ಮಿಯ ಚಿತ್ರ ಹೊತ್ತ ‘1818ರ ಈಸ್ಟ್ ಇಂಡಿಯಾ ಕಂಪನಿ’ ಬಿಲ್ಲೆಗಳದು. ಕಂಪನಿ ಇಂಥ ನಾಣ್ಯ ಮುದ್ರಿಸಲೇ ಇಲ್ಲ. ಅಕ್ಕಿ ಸೆಳೆಯುತ್ತದೆ, ಕೋಟಿ ಬಾಳುತ್ತದೆ ಎಂದು ನಂಬಿಸಿ ‘ರೈಸ್ ಪುಲ್ಲಿಂಗ್’ ಹೆಸರಲ್ಲಿ ದುಡ್ಡು ಕೀಳುವವರ ಸರಕು ಅದು. ಮೊಬೈಲಿಗೆ ಬರುವ ‘ನಿಮ್ಮ ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂಬ ಸಂದೇಶವೂ ಅದೇ ಜಾತಿಯದು. ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ತಾನು ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಕೊಳ್ಳುವವನು ಹಣ ಕೊಡಬೇಕು. ಮಾರುವವನಿಂದ ಹಣ ಕೇಳಿದರೆ ಮಾತು ಅಲ್ಲಿಗೇ ಮುಗಿಸಿ.

ಕಾನೂನಿನ ಎರಡು ಮಾತು. ನೆಲ ಅಗೆಯುವಾಗ, ಹಳೇ ಗೋಡೆ ಕೆಡವುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ಸಿಕ್ಕವರದ್ದಲ್ಲ. ನಿಧಿ ಕಾಯ್ದೆಯಂತೆ ಜಿಲ್ಲಾಡಳಿತಕ್ಕೆ ತಿಳಿಸಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. 1918ರ ರೂಪಾಯಿ ಈಗ ಆ ಗೆರೆ ದಾಟಿದೆ. ಮಗನೋ ಮಗಳೋ ನ್ಯೂಜೆರ್ಸಿಗೆ ಹೊರಟಾಗ ಅಜ್ಜಿಯ ನೆನಪಿಗೆಂದು ಅದನ್ನು ಪೆಟ್ಟಿಗೆಯಲ್ಲಿ ಇಡಬೇಡಿ. ಅಮೆರಿಕದಿಂದ ಬಂದ ಬೆಳ್ಳಿಯೇ ಆಗಿದ್ದರೂ ಅಮೆರಿಕಕ್ಕೆ ಹೋಗಲು ಅದಕ್ಕೀಗ ಅನುಮತಿ ಇಲ್ಲ.

ಹಾಗಾದರೆ ಮನೆಯಲ್ಲಿ ಹಿಡಿ ರೂಪಾಯಿ ಇರುವವರು ಏನು ಮಾಡಬೇಕು? ಮಾರುವ ಮೊದಲು ಒಂದು ಬಟ್ಟೆ ಹಾಸಿ ಎಲ್ಲವನ್ನೂ ಹರವಿ. ಅಯಸ್ಕಾಂತಕ್ಕೆ ಅಂಟಿದ್ದನ್ನು ಬದಿಗಿಡಿ. 1940 ಮತ್ತು ಅದರ ನಂತರದ್ದನ್ನು ಬೇರೆ ಮಾಡಿ. ಕೊಂಡಿ ಹಚ್ಚಿದ, ತೀರಾ ಸವೆದ, ಸಾಮಾನ್ಯ ಇಸವಿಯ ರೂಪಾಯಿಗಳಿಗೆ ಪತ್ತಾರರ ತಕ್ಕಡಿಯೇ ಸರಿಯಾದ ನ್ಯಾಯ. ಅವನ್ನು ತೂಕಕ್ಕೆ ಕೊಟ್ಟರೆ ನಷ್ಟವಿಲ್ಲ, ದುಃಖವೂ ಬೇಡ. ಉಳಿದವುಗಳ ಇಸವಿ, ಚುಕ್ಕಿ, ಅಕ್ಷರ ಬರೆದುಕೊಳ್ಳಿ. 1911, 1921, 1922, 1939 ಕಂಡರೆ, ಓದಲಾಗದ ಲಿಪಿಯ ದಪ್ಪ ಬಿಲ್ಲೆ ಕಂಡರೆ, ಸವೆಯದ ಮುಖ ಕಂಡರೆ, ತಿಕ್ಕದೆ ಕಾಗದದ ಲಕೋಟೆಯಲ್ಲಿಟ್ಟು, ಮಾರಾಟಕ್ಕೆ ಸಂಬಂಧವಿಲ್ಲದ ಒಬ್ಬ ತಿಳಿದವರಿಗೆ ಮೊದಲು ತೋರಿಸಿ. ಒಬ್ಬರ ಮಾತಿಗೆ ನಿಲ್ಲದೆ ಇಬ್ಬರು ವ್ಯಾಪಾರಿಗಳ ದರ ಕೇಳಿ.

ಬೆಳ್ಳಿಗೆ ಬೆಲೆ ಕಟ್ಟಲು ತಕ್ಕಡಿ ಸಾಕು, ಅದು ಪ್ರತಿ ಪೇಟೆಯಲ್ಲೂ ಇದೆ. ನಾಣ್ಯಕ್ಕೆ ಬೆಲೆ ಕಟ್ಟಲು ಕಣ್ಣು ಬೇಕು. ಆ ಕೆಲಸವನ್ನು ಅಂಗಡಿಗೆ ಬಿಡದೆ, ಅಂಗಡಿಗೆ ಹೋಗುವ ಮೊದಲೇ ನಾವೇ ಮಾಡಿಕೊಳ್ಳಬೇಕು. ತೂಕಕ್ಕೆ ಕೊಡುವುದು ಯಾವತ್ತಾದರೂ ಆಗುತ್ತದೆ, ಕರಗಿಸಿದ್ದನ್ನು ಮರಳಿ ರೂಪಾಯಿ ಮಾಡಲು ಆಗುವುದಿಲ್ಲ.